ಎಂಟು ಪುಟದ ಪುಸ್ತಕ

ಅಕ್ಕಂದಿರೇ, ನಿಮ್ಮಲ್ಲಿ ಕೆಲವರು ಕಸೂತಿ ಹಾಕ್ತೀರಿ. ಧಾರವಾಡದ ಕಡೆ ಇಳಕಲ್ ಸೀರೆಗೆ ಗೋಪುರ, ತೇರು, ತುಳಸಿಕಟ್ಟೆ ಹಾಕೋದು ಹಳೆಯ ರೂಢಿ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣ್ತವೆ. ಲೆಕ್ಕವೆಲ್ಲ ತಲೆಯಲ್ಲೇ ಇರ್ತದೆ. ಸೀರೆ ಹರಿದರೆ, ಅಜ್ಜಿ ಹೋದರೆ, ಆ ಲೆಕ್ಕವೂ ಹೋಯಿತು.

ಅದನ್ನು ನೀವೇ ಬರೆದಿಡಬಹುದು. ಒಂದು ದೊಡ್ಡ ಹಾಳೆ ಸಾಕು. ಉದ್ದದ ಕಡೆಯನ್ನೇ ಅರ್ಧ ಮಾಡುತ್ತಾ ಮೂರು ಸಲ ಮಡಚಿ, ಬಿಚ್ಚಿ. ಎಂಟು ಮನೆ ಕಾಣ್ತವೆ. ಈಗ ಉದ್ದ ಅರ್ಧ ಆಗುವ ಹಾಗೆ ಒಂದು ಸಲ ಮಡಚಿ. ಮಡಿಕೆಯ ಕಡೆಯಿಂದ, ನಡುಗೆರೆಯ ಮೇಲೆ, ಒಂದು ಮನೆಯಷ್ಟೇ ಕತ್ತರಿಸಿ. ಹಾಳೆ ಬಿಚ್ಚಿ, ಅಗಲ ಅರ್ಧ ಆಗುವ ಹಾಗೆ ಮಡಚಿ. ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆಯುತ್ತದೆ. ಪುಟಗಳನ್ನು ಒಂದರ ಮೇಲೊಂದು ಮಡಚಿ. ಅಂಟು ಬೇಡ, ಹೊಲಿಗೆ ಬೇಡ.

ಏನು ಬರೆಯೋದು? ಎಲ್ಲ ಚಿತ್ತಾರ ಒಂದರಲ್ಲೇ ತುರುಕಬೇಡಿ. ಒಂದು ಪುಸ್ತಕಕ್ಕೆ ಒಂದು ತೇರು ಸಾಕು. ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ. ಯಾರು ಕಲಿಸಿದರು? ಯಾವ ಸೀರೆಗೆ ಯಾವ ದಾರ ಒಪ್ತದೆ? ಎಣಿಕೆ ಎಲ್ಲಿ ತಪ್ತದೆ? ಮಕ್ಕಳ ಲೆಕ್ಕದ ಚೌಕುಳಿ ಹಾಳೆ ಸಿಕ್ಕರೆ ಇನ್ನೂ ಅನುಕೂಲ. ಚೌಕದ ಒಂದು ಬದಿ ಅಂದರೆ ಒಂದು ಹೊಲಿಗೆ. ಒತ್ತಕ್ಷರ ತಪ್ಪಿದರೆ ತಪ್ಪಲಿ ಬಿಡಿ. ಎಳೆಯ ಎಣಿಕೆ ತಪ್ಪಬಾರದು.

ಸೆರಗು ನೋಡಿದವರಿಗೆ ಹಾಕಿದವರ ಹೆಸರು ತಿಳಿಯೋದಿಲ್ಲ. ಪುಸ್ತಕದ ಮೇಲೆ ನಿಮ್ಮ ಹೆಸರು, ಊರು ಇರಲಿ. ಕಲಿಸಿದವರ ಹೆಸರೂ ಕೆಳಗಿರಲಿ.

ಮಾಡಿ ನೋಡಿ: ನಿಮಗೆ ಬರುವ ಒಂದು ಚಿತ್ತಾರದ ಹೆಸರು, ಅದರ ಮೊದಲ ಸಾಲಿನ ಎಣಿಕೆ ಬರೆಯಿರಿ.