ಗೇಟಿನ ತುಕ್ಕಿಗೆ ವಿಷವಿಲ್ಲದ ಮದ್ದು

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಬಳಿ, ಕಡಲಿಗೆ ಹತ್ತಿರ. ಪ್ರತಿ ಮಳೆಗಾಲ ಕಳೆದ ಮೇಲೆ ಗೇಟು, ಕಿಟಕಿ ಸರಳುಗಳನ್ನು ಕೆರೆಸಿ ರೆಡ್ ಆಕ್ಸೈಡ್ ಬಳಿಸುತ್ತೇವೆ. ಪುಡಿಯೆಲ್ಲ ಬಾವಿಕಟ್ಟೆಯ ಸುತ್ತ ಬೀಳುತ್ತದೆ. ಪರಿಸರ ಕೆಡಿಸದ ಬೇರೆ ದಾರಿ ಉಂಟೆ?

ಉತ್ತರ: ಉಂಟು. ನಿಮ್ಮ ಆತಂಕವೂ ಸರಿಯಾದದ್ದೇ. ರೆಡ್ ಆಕ್ಸೈಡಿಗೆ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡ್, ಅದರಿಂದ ಭಯವಿಲ್ಲ. ಭಯವೆಲ್ಲ ಕೆಲವು ಪ್ರೈಮರುಗಳಲ್ಲಿ ಅದರ ಜೊತೆ ಬೆರೆತಿರುವ ಜಿಂಕ್ ಕ್ರೋಮೇಟಿನದು. ತುಕ್ಕು ತಡೆಯುವುದರಲ್ಲಿ ಅದು ಗಟ್ಟಿಗ, ಆದರೆ ಕ್ಯಾನ್ಸರ್ ತರುವ ವಸ್ತು. ಹಳೆಯ ಪದರಗಳಲ್ಲಿ ಸೀಸವೂ ಇರಬಹುದು: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರಲ್ಲಿ. ಹಾಗಾಗಿ ಒಣ ಬಣ್ಣ ಕೆರೆಸಲೇಬೇಡಿ. ಕೆಳಗೆ ತಾಡಪಾಲು ಹಾಸಿ, ಒದ್ದೆ ಮಾಡಿಕೊಂಡು ಉಜ್ಜಿಸಿ, ಬಿದ್ದದ್ದನ್ನು ಬಾವಿಯಿಂದ ದೂರ ಸಾಗಿಸಿ.

ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಲು ಬಿಡಿ. ಕರಾವಳಿಯಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ. ಬಣ್ಣದಡಿ ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಷ್ಟೇ ದುಬಾರಿ ಬಣ್ಣವಾದರೂ ಗುಳ್ಳೆ ಏಳುತ್ತದೆ.

ಗಟ್ಟಿಯಾಗಿ ಅಂಟಿಕೊಂಡ ತೆಳು ತುಕ್ಕಿಗೆ ಟ್ಯಾನಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ. ಟ್ಯಾನಿನ್ ಎಂದರೆ ಅಳಲೆಕಾಯಿಯ ಒಗರು. ಕಬ್ಬಿಣಕ್ಕೆ ತಾಗಿದೊಡನೆ ಅದು ಕಡು ನೀಲಿಗಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆಗಳು ಮೂಡುವುದೂ ಇದೇ ಕ್ರಿಯೆಯಿಂದ. ಕೆಂಪು ತುಕ್ಕು ಗೇಟಿನ ಮೇಲೆಯೇ ಕಪ್ಪು ಪದರವಾಗುವುದನ್ನು ಕಣ್ಣಾರೆ ನೋಡಬಹುದು. ಆದರೆ ಅದೊಂದೇ ಸಾಲದು. ಮೇಲೆ ಜಿಂಕ್ ಫಾಸ್ಫೇಟ್ ಇರುವ, ನೀರಿನಲ್ಲಿ ಕಲಸುವ ಪ್ರೈಮರ್, ಅದರ ಮೇಲೆ ಎರಡು ಕೋಟು ಬಣ್ಣ ಬೇಕು. ಡಬ್ಬಿಯ ಮೇಲೆ ಸೀಸ, ಕ್ರೋಮೇಟ್ ಇಲ್ಲವೆಂದು ಬರೆದಿದೆಯೇ ನೋಡಿ ಕೊಳ್ಳಿ.

ಗೇಟಿನ ಕೆಳಪೈಪನ್ನೂ ಬೆಸುಗೆಯ ಸಂದುಗಳನ್ನೂ ಬಗ್ಗಿ ನೋಡಿ. ತುಕ್ಕು ಸಾಮಾನ್ಯವಾಗಿ ಹುಟ್ಟುವುದು ಅಲ್ಲಿಯೇ, ನೀರು ನಿಂತು. ಪೈಪಿನ ಅಡಿಯಲ್ಲಿ ಒಂದು ತೂತು ಕೊರೆಸಿದರೆ ನೀರು ಇಳಿದುಹೋಗುತ್ತದೆ. ಇಷ್ಟು ಅಗ್ಗದ, ಇಷ್ಟು ನಿರಪಾಯದ ರಕ್ಷಣೆ ಇನ್ನೊಂದಿಲ್ಲ.

ಹೊಸ ಗೇಟು ಮಾಡಿಸುವುದಾದರೆ ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿಸಿ. ಗೀರು ಬಿದ್ದರೂ ಸತುವು ತಾನು ಸವೆದು ಉಕ್ಕನ್ನು ಕಾಯುತ್ತದೆ. ಕಡಲಗಾಳಿಗೆ ಸತುವೂ ಬೇಗ ಕರಗುವುದರಿಂದ ಅದರ ಮೇಲೆ ಬಣ್ಣ ಇರಲಿ. ವೆಲ್ಡಿಂಗ್, ತೂತು ಎಲ್ಲ ಮುಗಿಸಿದ ಮೇಲೆಯೇ ಅದ್ದಿಸಬೇಕು. ಜಿಐ ಪೈಪು ತಂದು ಬೆಸೆದರೆ ಬೆಸುಗೆಯ ಜಾಗದಲ್ಲೇ ಸತುವು ಸುಟ್ಟುಹೋಗುತ್ತದೆ.