ಹಿಂಡಿದ ಸ್ಪಂಜು ಏನು ಹೇಳುತ್ತದೆ?



ನಾವು ಅಕ್ಷರ ಓದಲು ಕಲಿತೆವು. ಇನ್ನು ಚಿತ್ರವನ್ನೂ ಓದೋಣ. ಚಿತ್ರವೂ ಮಾತಾಡುತ್ತದೆ. ನಮ್ಮ ಮನಸ್ಸನ್ನು ತಿರುಗಿಸುತ್ತದೆ.

ಸಿನಿಮಾ ಶುರುವಾಗುವ ಮುಂಚೆ ತಂಬಾಕಿನ ವಿರುದ್ಧ ಜಾಹೀರಾತು ಬರುತ್ತದಲ್ಲ? 2012ರಲ್ಲಿ ಬಂದ ಒಂದು ಜಾಹೀರಾತನ್ನು ಇಂದು ಓದೋಣ.

ಏನು ಕಾಣುತ್ತದೆ?

ಎರಡು ಕೈ. ಒಂದು ಸ್ಪಂಜು. ಕೈಗಳು ಸ್ಪಂಜನ್ನು ಹಿಂಡುತ್ತವೆ. ಕಪ್ಪು ರಸ ಗಾಜಿನ ಪಾತ್ರೆಗೆ ಸುರಿಯುತ್ತದೆ. ಒಂದು ದನಿ ವಿವರಿಸುತ್ತದೆ. ನಮ್ಮ ಶ್ವಾಸಕೋಶ ಸ್ಪಂಜಿನ ಹಾಗೆ. ಅದು ಇರುವುದು ಗಾಳಿ ಹೀರಲು. ಸೇದುವವರು ಅದಕ್ಕೆ ಹೊಗೆ ಕುಡಿಸುತ್ತಾರೆ. ಒಂದು ವರ್ಷದಲ್ಲಿ ಎಷ್ಟು ಟಾರು ಒಳಗೆ ಹೋಯಿತೆಂದು ಪಾತ್ರೆ ತೋರಿಸುತ್ತದೆ.

ಟಾರು ಎಂದರೆ ಹೊಗೆಯಲ್ಲಿರುವ ಕಪ್ಪು ಜಿಗುಟು. ಅದರಲ್ಲಿ ಕ್ಯಾನ್ಸರ್ ತರುವ ವಿಷಗಳಿವೆ.

ಮನಸ್ಸಿಗೆ ಏಕೆ ನಾಟುತ್ತದೆ?

ನಮ್ಮ ಕಲಿಕಾ ಕೇಂದ್ರದಲ್ಲಿ ಇದನ್ನೇ ಕೇಳಿದೆವು. ಒಬ್ಬ ಅಕ್ಕ ಹೇಳಿದರು: "ಅಕ್ಕೋರ, ಒಲಿ ಒರೆಸಿದ ಅರಿವಿ ಹಿಂಡಿಧಂಗ ಕಾಣತೈತ್ರಿ."

ಗುಟ್ಟು ಇರೋದು ಅಲ್ಲೇ! ಶ್ವಾಸಕೋಶವನ್ನು ನಾವು ಕಂಡಿಲ್ಲ. ಬಟ್ಟೆ ಹಿಂಡುವುದು ದಿನಾ ಕಂಡದ್ದು. ಕಂಡದ್ದನ್ನು ತೋರಿಸಿ ಕಾಣದ್ದನ್ನು ತಿಳಿಸಿದ್ದಾರೆ.

ಮುಖ ತೋರಿಸಿಲ್ಲ. ಹಾಗಾಗಿ ಆ ಸ್ಪಂಜು ಯಾರದಾದರೂ ಆಗಬಹುದು. ನಮ್ಮ ಮನೆಯವರದೂ ಆಗಬಹುದು.

ದಿನದ ಲೆಕ್ಕ ಹೇಳದೆ ವರ್ಷದ ಲೆಕ್ಕ ತೋರಿಸಿದ್ದಾರೆ. "ಒಂದೇ ಬೀಡಿ ತಾನೇ" ಎನ್ನುವವರಿಗೆ ಇದು ಉತ್ತರ. ಹನಿ ಹನಿ ಕೂಡಿದರೆ ಹಳ್ಳ.

ಎಲ್ಲಾ ನಿಜವೇ?

ಶ್ವಾಸಕೋಶವನ್ನು ಯಾರೂ ಹಾಗೆ ಹಿಂಡಲಾಗದು. ಅದು ಹೋಲಿಕೆ. ಆದರೆ ಟಾರು ಒಳಗೆ ಸೇರುವುದು ನಿಜ. ಬೀಡಿ ಹೊಗೆಯಲ್ಲೂ ಟಾರು ಇದೆ. ಅದು ಸಿಗರೇಟಿಗಿಂತ ಕಡಿಮೆಯೇನಲ್ಲ.

ಹಿಂದೆ ಸಿಗರೇಟು ಮಾರುವವರೂ ಚಿತ್ರ ತೋರಿಸುತ್ತಿದ್ದರು. ಸೇದುವ ಗಂಡಸು ಧೀರ ಎನ್ನುವಂತೆ ಬರೆಸುತ್ತಿದ್ದರು. ಕೆಮ್ಮು ತೋರಿಸಲಿಲ್ಲ. ಆಸ್ಪತ್ರೆ ತೋರಿಸಲಿಲ್ಲ. 2003ರ ಕಾಯಿದೆ ಅಂಥ ಜಾಹೀರಾತನ್ನು ತಡೆಯಿತು. ಆದ್ದರಿಂದ ಯಾವ ಚಿತ್ರ ಕಂಡರೂ ಕೇಳೋಣ: ಏನು ತೋರಿಸಿದರು? ಏನು ಬಿಟ್ಟರು? ಲಾಭ ಯಾರಿಗೆ?

ಈ ಜಾಹೀರಾತೂ ಒಂದನ್ನು ಬಿಟ್ಟಿದೆ. ಇದರಲ್ಲಿರುವುದು ಹೊಗೆ ಮಾತ್ರ. ಎಲೆ ಅಡಿಕೆಗೆ ತಂಬಾಕು ಸೇರಿಸುವ ನಾವು "ಇದು ಗಂಡಸರ ಮಾತು" ಎಂದುಕೊಳ್ಳಬಹುದು. ಅಗಿಯುವ ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ. ಸ್ಪಂಜು ಅವರದು, ಬಾಯಿ ನಮ್ಮದು.

ಚಿತ್ರ ಕಂಡರೆ ಬಿಡುತ್ತಾರೆಯೇ?

ಅದೇ ಅಕ್ಕ ಮೆಲ್ಲಗೆ ಕೇಳಿದರು: "ನಮ್ಮನಿಯವರು ರಾತ್ರಿಯೆಲ್ಲಾ ಕೆಮ್ಮತಾರ್ರಿ. ಇದನ್ನ ತೋರಿಸಿದ್ರ ಬಿಡತಾರೇನ್ರಿ?"

ಹೆದರಿಕೆಯೊಂದರಿಂದ ಚಟ ಬಿಡುವುದು ಕಷ್ಟ. ಬೈದರೆ ಮರೆಯಲ್ಲಿ ಸೇದುತ್ತಾರೆ. ನೆರವು ಬೇಕು. ತಂಬಾಕಿನ ಪೊಟ್ಟಣದ ಮೇಲೆ ಒಂದು ನಂಬರ್ ಇದೆ: 1800-11-2356. ಅದಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು. ಚಟ ಬಿಡುವ ದಾರಿ ಹೇಳುತ್ತಾರೆ.

ಆ ಅಕ್ಕ ಆ ನಂಬರನ್ನು ತಾವೇ ಪಾಟಿಯ ಮೇಲೆ ಬರೆದುಕೊಂಡರು. ಒಂದಂಕಿಯೂ ತಪ್ಪಲಿಲ್ಲ.

ಮಾಡಿ ನೋಡೋಣ

1. ಬೀಡಿ ಕಟ್ಟು ಅಥವಾ ತಂಬಾಕಿನ ಪೊಟ್ಟಣದ ಮೇಲೆ ಯಾವ ಚಿತ್ರವಿದೆ? ನೋಡಿ ಹೇಳಿ.
2. ಅಲ್ಲಿರುವ ಮಾತನ್ನು ಓದಿ, ಬರೆಯಿರಿ.
3. ನೀವೇ ಜಾಹೀರಾತು ಮಾಡಿದರೆ ಯಾವ ಚಿತ್ರ ಬರೆಸುತ್ತೀರಿ? ಏಕೆ?