ನಮ್ಮೂರಿನ ಚರಿತ್ರೆ ಗ್ರಂಥಾಲಯದ ಯಾವ ಕಪಾಟಿನಲ್ಲಿದೆ?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಶಿಕ್ಷಕ. ನಮ್ಮೂರಿನ ಚರಿತ್ರೆಯನ್ನು ಒಂದು ಸಣ್ಣ ಪುಸ್ತಕವಾಗಿ ಬರೆಯುವ ಆಸೆಯಿದೆ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರೆ ಪತ್ರಿಕೆ ಓದುವ ಹಿರಿಯರು, ಪರೀಕ್ಷೆಗೆ ತಯಾರಾಗುವ ಹುಡುಗರು, ಕಾದಂಬರಿಗಳ ಸಾಲು, ಇಷ್ಟೇ ಕಾಣುತ್ತದೆ. ನನ್ನಂಥವನಿಗೆ ಅಲ್ಲಿ ಏನಾದರೂ ಸಿಕ್ಕೀತೆ? ಇಲ್ಲ, ವಿಶ್ವವಿದ್ಯಾಲಯಕ್ಕೇ ಹೋಗಬೇಕೆ?

ಉತ್ತರ: ಸಿಗುತ್ತದೆ. ಆದರೆ ‘ಇತಿಹಾಸ’ ಎಂದು ಫಲಕ ಹಾಕಿದ ಕಪಾಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಮೌರ್ಯರು, ಹೊಯ್ಸಳರು, ವಿಜಯನಗರದ ಅರಸರು. ಒಂದು ಹಳ್ಳಿಯ ಚರಿತ್ರೆ ಬೇರೆ ಬೇರೆ ಹೆಸರಿನ ಪುಸ್ತಕಗಳಲ್ಲಿ ಹಂಚಿಹೋಗಿರುತ್ತದೆ. ಶಾಸನ ಸಂಪುಟದಲ್ಲಿ ಒಂದು ಪುಟ, ಗ್ಯಾಸೆಟಿಯರಿನಲ್ಲಿ ಒಂದು ಪ್ಯಾರಾ, ಜನಗಣತಿಯ ಕೈಪಿಡಿಯಲ್ಲಿ ಒಂದು ಸಾಲು. ಇಂಥ ಪುಸ್ತಕಗಳು ಪರಾಮರ್ಶನ ವಿಭಾಗದಲ್ಲಿರುತ್ತವೆ, ಮನೆಗೆ ಕೊಡುವುದಿಲ್ಲ, ಎಷ್ಟೋ ಕಡೆ ಬೀಗ ಹಾಕಿದ ಬೀರುವಿನೊಳಗಿರುತ್ತವೆ. ಹಾಗಾಗಿ ಸುಮ್ಮನೆ ಓಡಾಡಿ ನೋಡಿದವರ ಕಣ್ಣಿಗೆ ಬೀಳುವುದಿಲ್ಲ. ಗ್ರಂಥಪಾಲಕರ ಬಳಿ ಹೋಗಿ ಪುಸ್ತಕದ ಹೆಸರು, ಸಂಪುಟದ ಸಂಖ್ಯೆ ಹೇಳಿ ಕೇಳಬೇಕು. ಹಾಗೆ ಕೇಳುವ ಓದುಗ ಬಂದರೆ ಸಂತೋಷಪಡುವ ಗ್ರಂಥಪಾಲಕರು ನಮ್ಮಲ್ಲಿ ಇದ್ದಾರೆ. ಕೇಳುವವರು ಕಡಿಮೆ.

ಮೊದಲು ಕೇಳಬೇಕಾದದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳನ್ನು ಊರೂರಿಂದ ಸಂಗ್ರಹಿಸಿ, 1886ರಿಂದ ಮುಂದೆ ಸುಮಾರು ಎರಡು ದಶಕಗಳಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟಿಸಿದರು. ಒಟ್ಟು ಸುಮಾರು ಒಂಬತ್ತು ಸಾವಿರ ಶಾಸನಗಳು. ಹನ್ನೆರಡನೆಯದು ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿರುವುದರಿಂದ ಗುಬ್ಬಿ ತಾಲ್ಲೂಕಿನವೆಲ್ಲ ಒಂದೇ ಕಡೆ ಇವೆ. ನಿಮ್ಮಂಥವರಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಬೇರೆ ಇಲ್ಲ.

ಅದರಲ್ಲಿ ಗುಬ್ಬಿ 61 ತೆಗೆದು ನೋಡಿ. ನಿಮ್ಮ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ತಾಮ್ರಪಟ ಅದು. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಕಾಲದ್ದು, ಶಕವರ್ಷ 735, ಅಂದರೆ ಒಂಬತ್ತನೆಯ ಶತಮಾನದ ಆರಂಭ. ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯ ಮನೆತನದ ವಿಮಲಾದಿತ್ಯನಿಗೆ ಶನಿಪೀಡೆ ಹಿಡಿದಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿ ಅದನ್ನು ನಿವಾರಿಸಿದರು. ಚಾಕಿರಾಜ ಎಂಬವನ ಬಿನ್ನಹದ ಮೇರೆಗೆ ದೊರೆ ಗೋವಿಂದ ಜಾಲಮಂಗಲವೆಂಬ ಹಳ್ಳಿಯನ್ನು ಶಿಲಾಗ್ರಾಮದ ಜಿನಾಲಯಕ್ಕೆ ದತ್ತಿ ಬಿಟ್ಟ. ಸಾಮ್ರಾಟ, ಸಾಮಂತ, ಮುನಿ, ಗ್ರಹದೋಷ, ಒಂದು ಹಳ್ಳಿಯ ಆದಾಯ, ಎಲ್ಲವೂ ಒಂದೇ ದಾಖಲೆಯಲ್ಲಿ ಬಂದಿವೆ. ಗುಬ್ಬಿ ಸೀಮೆಗೂ ರಾಷ್ಟ್ರಕೂಟರಿಗೂ ಏನು ಸಂಬಂಧ ಎಂದು ನಿಮ್ಮೂರಿನ ಹುಡುಗರು ಕೇಳಿದರೆ ತೋರಿಸಲು ಈ ಪುಟವಿದೆ.

ಸಂಪುಟದಲ್ಲಿ ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಮೂರೂ ಇರುತ್ತವೆ. ಅನುವಾದ ಓದಿ ನಿಲ್ಲಿಸಬೇಡಿ. ಭೂಮಿಯ ಅಳತೆ, ತೆರಿಗೆಯ ಹೆಸರು, ಗದ್ದೆ ತೋಟಗಳ ಹೆಸರು ಅನುವಾದದಲ್ಲಿ ಸವೆದುಹೋಗಿರುತ್ತವೆ. ಮೂಲಪಾಠವನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿ. ದತ್ತಿ ಶಾಸನಗಳಲ್ಲಿ ಎಲ್ಲೆಗಳನ್ನು ಹೇಳುವ ಭಾಗವೊಂದಿರುತ್ತದೆ: ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಗುಡ್ಡ, ಪಡುವಲಿಗೆ ಹುಣಸೆಮರ. ಆ ಭಾಗ ಇಟ್ಟುಕೊಂಡು ಊರಿನ ಹಿರಿಯ ರೈತರೊಬ್ಬರ ಜೊತೆ ಹೊಲದ ಬದುಗಳ ಮೇಲೆ ನಡೆಯಿರಿ. ಸಾವಿರ ವರ್ಷದ ಹಳೆಯ ಹೆಸರು ಅವರ ಬಾಯಲ್ಲಿ ಇನ್ನೂ ಉಳಿದಿರಬಹುದು. ಇದನ್ನು ಯಾವ ವಿಶ್ವವಿದ್ಯಾಲಯದ ಸಂಶೋಧಕನೂ ನಿಮ್ಮಷ್ಟು ಚೆನ್ನಾಗಿ ಮಾಡಲಾರ. ನಿಮ್ಮೂರಿನ ಹೆಸರಿನಲ್ಲಿ ಶಾಸನವೇ ಇಲ್ಲದಿದ್ದರೆ ಸುತ್ತಲಿನ ಊರುಗಳ ಶಾಸನಗಳನ್ನು ನೋಡಿ. ಪಕ್ಕದೂರಿನ ದತ್ತಿಯಲ್ಲಿ ನಿಮ್ಮೂರು ಎಲ್ಲೆಯಾಗಿ ಬಂದಿರುವುದುಂಟು. ರೈಸ್ ಕಾಲದಲ್ಲಿ ನಿಂತಿದ್ದ ಕಲ್ಲುಗಳೆಲ್ಲ ಈಗ ಇಲ್ಲ. ಉಳಿದಿರುವುದನ್ನು ಈಗಲೇ ಫೋಟೋ ತೆಗೆದಿಡಿ.

ಗ್ಯಾಸೆಟಿಯರುಗಳು ಎರಡನೆಯ ಆಸರೆ. ರೈಸ್ ಬರೆದ ಮೈಸೂರು ಗ್ಯಾಸೆಟಿಯರಿನ 1897ರ ಆವೃತ್ತಿ, ಸಿ. ಹಯವದನರಾವ್ ಸಂಪಾದಿಸಿ 1927ರಿಂದ 1930ರವರೆಗೆ ಬಂದ ಸಂಪುಟಗಳು, ಸ್ವಾತಂತ್ರ್ಯಾನಂತರ 1969ರಲ್ಲಿ ಬಂದ ತುಮಕೂರು ಜಿಲ್ಲಾ ಗ್ಯಾಸೆಟಿಯರ್. ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೇ ಊರಿನ ವಿವರ ಓದಿದರೆ ಸಂತೆ ಬೆಳೆದದ್ದು, ನೇಕಾರಿಕೆ ಕುಗ್ಗಿದ್ದು, ರೈಲು ಬಂದದ್ದು ತಾನಾಗಿ ತಿಳಿಯುತ್ತದೆ. ಅವಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಫ್ರಾನ್ಸಿಸ್ ಬುಕಾನನ್ ಇದ್ದಾನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಈ ಸೀಮೆಯನ್ನೆಲ್ಲ ಸುತ್ತಿದ. ಸಿರಾ, ಮಧುಗಿರಿ, ಗುಬ್ಬಿ ಅವನ ದಾರಿಯಲ್ಲಿದ್ದ ಊರುಗಳು. ಬೆಳೆ, ಕೂಲಿ, ಕಬ್ಬಿಣ ಕರಗಿಸುವ ಕುಲುಮೆ, ಜಾತಿಗಳ ಆಚಾರ, ಕಂಡದ್ದನ್ನೆಲ್ಲ ಬರೆದುಕೊಂಡ. ಮೂರು ಸಂಪುಟಗಳ ಆ ಪುಸ್ತಕ 1807ರಲ್ಲಿ ಬಂತು. ಅವನು ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದವನು ಎಂಬುದನ್ನು ನೆನಪಿಟ್ಟುಕೊಂಡು ಓದಿ. ಇನ್ನು ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿಗಳಲ್ಲಿ ಪ್ರತಿ ಹಳ್ಳಿಯ ವಿಸ್ತೀರ್ಣ, ಮನೆಗಳ ಸಂಖ್ಯೆ, ಜನಸಂಖ್ಯೆ ಸಿಗುತ್ತವೆ. 1951ರಿಂದ ಒಂದೊಂದೇ ಗಣತಿಯ ಅಂಕಿಗಳನ್ನು ಜೋಡಿಸಿಕೊಳ್ಳಿ.

ಬೇರೆ ಸೀಮೆಯವರಿಗೂ ಒಂದು ಮಾತು. ಧಾರವಾಡ, ಬೆಳಗಾವಿ, ವಿಜಯಪುರದವರು 1884ರ ಬಾಂಬೆ ಗ್ಯಾಸೆಟಿಯರಿನ 21, 22, 23ನೆಯ ಸಂಪುಟಗಳನ್ನೂ, ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18, 20ನೆಯ ಸಂಪುಟಗಳನ್ನೂ ಕೇಳಬೇಕು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’, ಅಂದರೆ ಊರುಗಳ ಹಳೆಯ ವೃತ್ತಾಂತಗಳ ಸಂಗ್ರಹ, ಕರ್ನಾಟಕದ ಯಾವ ಸೀಮೆಯವರೂ ನೋಡಬೇಕಾದ ಪುಸ್ತಕ.

ಗುಬ್ಬಿಯ ಶಾಖಾ ಗ್ರಂಥಾಲಯದಲ್ಲಿ ಇವು ಇಲ್ಲವೆಂದರೆ ತುಮಕೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಅಲ್ಲಿಂದ ಮುಂದಿನ ಮೆಟ್ಟಿಲು ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ದಿವಾನ್ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಆ ಕೆಂಪು ಕಟ್ಟಡ. ರೈಸ್, ಬುಕಾನನ್‌ರ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಮೇಲ್ವಿಚಾರಕರ ನೆರವಿನಿಂದ ಅಲ್ಲೇ ಕೂತು ಓದಬಹುದು.

ಇಷ್ಟೆಲ್ಲ ಸಿಕ್ಕಿದರೂ ನಿಮ್ಮ ಪುಸ್ತಕದ ಅರ್ಧಭಾಗ ಖಾಲಿ ಉಳಿಯುತ್ತದೆ. ಕಳೆದ ನೂರು ವರ್ಷದ, ಅಂದರೆ ನಮ್ಮ ಅಜ್ಜ ಅಜ್ಜಿಯರ ಕಾಲದ, ಬದುಕಿನ ಹೆಚ್ಚಿನ ಭಾಗ ಈ ಸಂಪುಟಗಳಲ್ಲಿ ಇಲ್ಲ. ಅದು ಇರುವುದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ, ಸಹಕಾರ ಸಂಘದ ಹಳೆಯ ವರದಿಯಲ್ಲಿ, ಜಾತ್ರೆಯ ಕರಪತ್ರದಲ್ಲಿ, ಮದುವೆಯ ಲಗ್ನಪತ್ರಿಕೆಯಲ್ಲಿ, ಅಟ್ಟದ ಮೇಲಿನ ಕಡತದಲ್ಲಿ. ಗುಬ್ಬಿಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ನಿಮ್ಮೂರ ಪಕ್ಕದಲ್ಲೇ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡನ್ನೆಲ್ಲ ಸುತ್ತಿತು. ಆ ನಾಟಕಗಳ ಹ್ಯಾಂಡ್‌ಬಿಲ್ಲುಗಳು ಅಂದು ಬೀದಿಯಲ್ಲಿ ಹಂಚಿದ ಕಾಗದ. ಇಂದು ಅಂಥ ಒಂದೊಂದು ಹಾಳೆಯೂ ಟಿಕೆಟ್ ದರ, ನಟರ ಹೆಸರು, ಊರಿನ ಅಭಿರುಚಿ ಹೇಳುವ ದಾಖಲೆ.

ಇವನ್ನು ಕೂಡಿಸಿಡುವುದು ಸಾರ್ವಜನಿಕ ಗ್ರಂಥಾಲಯದ ಕೆಲಸವೇ ಎಂದು ನಾನು ದೃಢವಾಗಿ ನಂಬುತ್ತೇನೆ. ಸಗಟು ಖರೀದಿಯಲ್ಲಿ ಬರುವ ಪುಸ್ತಕಗಳು ಬೀದರಿನಲ್ಲೂ ಒಂದೇ, ಚಾಮರಾಜನಗರದಲ್ಲೂ ಒಂದೇ. ಗುಬ್ಬಿಯ ಗ್ರಂಥಾಲಯದಲ್ಲಿ ಮಾತ್ರ ಸಿಗುವಂಥದ್ದು ಏನಾದರೂ ಇರಬೇಕಾದರೆ ಅದು ಗುಬ್ಬಿಯ ಬಗೆಗಿನ ಸಂಗ್ರಹವೇ ಆಗಿರಬೇಕು. ಪ್ರತಿ ತಾಲ್ಲೂಕು ಗ್ರಂಥಾಲಯದಲ್ಲೂ ಊರ ಕಪಾಟು ಎಂಬ ಒಂದು ಬೀರು ಬೇಕು. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ, ಈಗ ಅದು ತೆರಿಗೆಯ ಶೇಕಡ 6ರಷ್ಟು. ರಸೀದಿಯನ್ನು ನೋಡಿ, ಅದರಲ್ಲಿ ಬರೆದಿರುತ್ತದೆ. ಆದ್ದರಿಂದ ಗ್ರಂಥಾಲಯಕ್ಕೆ ಹೋಗಿ ಊರ ಕಪಾಟು ಕೇಳುವುದು ಯಾರ ಬಳಿಯೂ ಕೈಚಾಚಿದಂತಲ್ಲ.

ಕೇಳುವುದಕ್ಕೆ ಸರಿಯಾದ ಸಮಯವೂ ಇದೆ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಬಹಳಷ್ಟು ಕಡೆ ಅದು ಭಾಷಣ, ಹಾರಗಳಲ್ಲಿ ಮುಗಿಯುತ್ತದೆ. ಅದರ ಬದಲು ಒಂದು ದಿನ ಊರಿನವರೆಲ್ಲ ಹಳೆಯ ಫೋಟೋ, ಕರಪತ್ರ, ಪತ್ರಗಳನ್ನು ತರಲಿ. ಅಲ್ಲೇ ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಅವರ ಕೈಗೇ ಹಿಂದಿರುಗಿಸಿ. ಕಾಗದ ಕೈಬಿಟ್ಟು ಹೋಗುವುದಿಲ್ಲ ಎಂದು ಗೊತ್ತಾದರೆ ಜನ ತರುತ್ತಾರೆ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದಾಗಿನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಆ ಮಕ್ಕಳಿಗೆ ಒಂದೊಂದು ಮನೆ ಹಂಚಿ, ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬರಲು ಹೇಳಿ. ಯಾವ ಬರಗಾಲದಲ್ಲಿ ಏನು ತಿಂದರು, ಪ್ಲೇಗು ಬಂದಾಗ ಊರು ಬಿಟ್ಟು ಎಲ್ಲಿ ಗುಡಿಸಲು ಹಾಕಿದರು ಎಂದು ಹಿಂದಿನವರು ಹೇಳಿದ್ದನ್ನು ಕೇಳಿ ಬಲ್ಲವರು ಇನ್ನೂ ಕೆಲವರಿದ್ದಾರೆ. ಮೇಷ್ಟರಾಗಿದ್ದ ನಿಮ್ಮ ಮಾತನ್ನು ಮಕ್ಕಳು ಕೇಳುತ್ತಾರೆ.

ಸಣ್ಣ ಎಚ್ಚರಿಕೆಗಳು ಕೆಲವು. ಫೋಟೋದ ಹಿಂದೆ ಮೆದು ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ, ಬಾಲ್‌ಪೆನ್ ಬೇಡ. ಹಳೆಯ ಕಾಗದಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಕಡತ ಸಿಕ್ಕರೆ ಒರೆಸಬೇಡಿ. ಇದ್ದಿಲು ಮತ್ತು ಹುಣಸೆಬೀಜದ ಸರಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಅದು, ಒದ್ದೆ ಬಟ್ಟೆ ತಾಗಿದರೆ ಅಕ್ಷರವೇ ಹೋಗುತ್ತದೆ. ಯಾರು ಕೊಟ್ಟರು, ಎಂದು ಕೊಟ್ಟರು ಎಂಬುದನ್ನು ಒಂದು ದಪ್ಪ ನೋಟುಪುಸ್ತಕದಲ್ಲಿ ತಪ್ಪದೆ ದಾಖಲಿಸಿ.

ನಿಮ್ಮ ಪುಸ್ತಕ ಅಚ್ಚಾದ ಮೇಲೆ ಗುಬ್ಬಿ, ತುಮಕೂರು, ಕಬ್ಬನ್ ಪಾರ್ಕಿನ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನೂ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಎರಡು ಪ್ರತಿಗಳನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆಯಲು ಕೂಡಿಸಿದ ಟಿಪ್ಪಣಿ, ಫೋಟೋ, ಧ್ವನಿಮುದ್ರಣಗಳ ನಕಲನ್ನೂ ಅದರ ಜೊತೆಗೇ ಕೊಡಿ.